ಬೆನ್ನ ಮೇಲಿನ ಕಲ್ಲು

ಐದನೇ ಕ್ಲಾಸಿನಲ್ಲಿ ನಮಗೊಂದು ಶಿಕ್ಷೆ ಇತ್ತು. ಬಗ್ಗಿ ಎರಡೂ ಕಾಲಿನ ಹೆಬ್ಬೆರಳು ಹಿಡಿದು ನಿಲ್ಲಬೇಕು. ಮಂಡಿ ಮಡಚುವ ಹಾಗಿಲ್ಲ. ಬೆನ್ನ ಮೇಲೆ ಮೇಷ್ಟ್ರು ಒಂದು ಕಲ್ಲು ಇಡುತ್ತಿದ್ದರು. ಕಲ್ಲು ಬಿದ್ದರೆ ಮತ್ತೆ ಮೊದಲಿಂದ ಶುರು. ನನಗೆ ಆ ಶಿಕ್ಷೆ ಆಗಿದ್ದು ಒಂದೇ ಸಲ, ಪರೀಕ್ಷೆ ಫೀಸು ತಡವಾಗಿದ್ದಕ್ಕೆ. ಬಳ್ಳಾರಿ ಸೀಮೆಯ ನಮ್ಮೂರಲ್ಲಿ ಆ ವರ್ಷ ಮಳೆ ಕೈಕೊಟ್ಟು ಶೇಂಗಾ ಹೊಲದಲ್ಲೇ ಒಣಗಿತ್ತು. ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ. ಅದನ್ನು ಮೇಷ್ಟ್ರಿಗೆ ಹೇಗೆ ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ. ಸುಮ್ನೆ ಬಗ್ಗಿದೆ. ರಕ್ತ ಮುಖಕ್ಕೆ ಇಳಿದು ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಕಣ್ಣಿಗೆ ಕಾಣುತ್ತಿದ್ದದ್ದು ನನ್ನ ಹತ್ತು ಬೆರಳು, ಕಡಪ ಕಲ್ಲಿನ ನೆಲ, ಆ ಕಲ್ಲುಗಳ ಸಂದಿಯಲ್ಲಿ ಹೋಗುತ್ತಿದ್ದ ಇರುವೆ ಸಾಲು. ಆ ಇರುವೆಗಳು ಇವತ್ತಿಗೂ ನನಗೆ ನೆನಪಿವೆ.

ಸಂಜೆ ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪನಿಗೆ ನೋವಾಗುತ್ತದೆ ಅನ್ನುವಷ್ಟು ತಿಳಿವಳಿಕೆ ಆ ವಯಸ್ಸಿಗೇ ಬಂದಿತ್ತು. ಆಮೇಲೆ ಆ ದಿನ ಮರೆತೂ ಹೋಯಿತು. ಸುಮಾರು ಮೂವತ್ತು ವರ್ಷ ಆದ ಮೇಲೆ, ನಮ್ಮ ಸೀಮೆಯ ಕಂದಾಯದ ಇತಿಹಾಸ ಓದುತ್ತಿದ್ದಾಗ, 1855ರ ಒಂದು ವರದಿಯ ಸಾಲುಗಳು ಎದುರಾದವು. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಕಂದಾಯ ವಸೂಲಿಗಾಗಿ ರೈತರಿಗೆ ಚಿತ್ರಹಿಂಸೆ ಕೊಡುವುದು ನಿಜವೇ ಎಂದು ವಿಚಾರಿಸಲು ಸರ್ಕಾರವೇ ನೇಮಿಸಿದ್ದ ಕಮಿಷನ್ನಿನ ವರದಿ ಅದು. ಅದರಲ್ಲಿ ‘ಅನುಂಡಾಲ್’ ಅನ್ನುವ ಒಂದು ಹೆಸರು. ಮನುಷ್ಯನನ್ನು ಬಗ್ಗಿಸಿ, ಅವನದೇ ಬಟ್ಟೆಯನ್ನೋ ನಾರಿನ ಹಗ್ಗವನ್ನೋ ಕುತ್ತಿಗೆಯ ಮೇಲಿಂದ ಕಾಲ್ಬೆರಳ ಕೆಳಗೆ ಹಾಯಿಸಿ ಬಿಗಿಯುವುದು. ಏಳಲು ಆಗಬಾರದು. ಓದಿದ ಕೂಡಲೇ ಕಿವಿಯಲ್ಲಿ ಆ ಗುಂಯ್ ಸದ್ದು ಮತ್ತೆ ಕೇಳಿಸಿತು.

ಆ ವರದಿಯ ಪಟ್ಟಿ ಉದ್ದವಿದೆ. ಬಾಕಿದಾರನನ್ನು ಬಿಸಿಲಲ್ಲಿ ನಿಲ್ಲಿಸುವುದು. ಊಟಕ್ಕೆ, ಬಹಿರ್ದೆಸೆಗೆ ಹೋಗಲು ಬಿಡದಿರುವುದು. ಅವನ ದನಗಳನ್ನು ಮನೆಯೊಳಗೇ ಕೂಡಿಹಾಕಿ ಮೇಯಲು ಬಿಡದಿರುವುದು. ಅವನ ಮನೆಗೆ ಒಬ್ಬ ಪೇದೆಯನ್ನು ಕಳಿಸಿ, ಆ ಪೇದೆಯ ದಿನಗೂಲಿಯನ್ನೂ ಅವನಿಂದಲೇ ಕೊಡಿಸುವುದು. ‘ಕಿಟ್ಟಿ’ ಅನ್ನುವ ಎರಡು ಕೋಲುಗಳ ನಡುವೆ ಬೆರಳು ಸಿಕ್ಕಿಸಿ ಹಿಂಡುವುದು. ಕಿವಿ ತಿರುಚುವುದು. ತೊಡೆ ಚಿವುಟುವುದು. ಮಂಡಿಯ ಹಿಂದೆ ಇಟ್ಟಿಗೆ ಚೂರು ಇಟ್ಟು ಕುಕ್ಕರುಗಾಲಲ್ಲಿ ಕೂರಿಸುವುದು. ಇಬ್ಬರ ತಲೆಯನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುವುದು. ಇವುಗಳಲ್ಲಿ ಅರ್ಧದಷ್ಟು ನನಗೆ ಶಾಲೆಯಿಂದಲೇ ಪರಿಚಯ. ನನ್ನ ತಲೆಮಾರಿನ ಹಳ್ಳಿ ಶಾಲೆಯ ಮಕ್ಕಳನ್ನು ಕೇಳಿ ನೋಡಿ, ಎಲ್ಲರಿಗೂ ಇದರಲ್ಲಿ ಎರಡು ಮೂರಾದರೂ ಗೊತ್ತಿರುತ್ತವೆ. ಚಾವಡಿಯಲ್ಲಿ ಕಂದಾಯ ಕೊಡದವನಿಗೆ ಮಾಡಿದ್ದನ್ನೇ ಶಾಲೆಯಲ್ಲಿ ಮಗ್ಗಿ ಬಾರದವನಿಗೂ ಮಾಡುತ್ತಿದ್ದರು.

ಆ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಬಾಕಿದಾರನ ಬೆನ್ನ ಮೇಲೆ ಕೆಳಜಾತಿಯವನೊಬ್ಬನನ್ನು ಕೂರಿಸುವುದು. ಬಗ್ಗಿದ ರೈತನಿಗೆ ಅದು ಅವಮಾನ ಅಂತ ವರದಿ ಅದನ್ನು ಚಿತ್ರಹಿಂಸೆಯ ಲೆಕ್ಕಕ್ಕೆ ಸೇರಿಸುತ್ತದೆ. ನನಗೆ ಮಾತ್ರ ಮೇಲೆ ಕೂತವನ ಯೋಚನೆ ಹತ್ತಿತು. ಅವನನ್ನು ಕೇರಿಯಿಂದ ಕರೆಸಿ, ಎಲ್ಲರೆದುರು ಒಬ್ಬನ ಬೆನ್ನ ಮೇಲೆ ಕೂರಿಸುತ್ತಾರೆ. ಅವನು ಕೂತದ್ದು ಕಲ್ಲಿನ ಜಾಗದಲ್ಲಿ. ನಾಳೆ ಅದೇ ರೈತನ ಹೊಲಕ್ಕೆ ಅವನು ಕೂಲಿಗೆ ಹೋಗಬೇಕು. ವರದಿ ಅವನ ಬಗ್ಗೆ ಒಂದು ಮಾತು ಕೂಡ ಹೇಳುವುದಿಲ್ಲ.

ಇಂಥ ಒಂದು ವರದಿ ಇರುವುದಕ್ಕೆ ದೊಡ್ಡ ಕಾರಣ ಮದ್ರಾಸಿನ ಒಬ್ಬ ನೀಲಿ ಬಣ್ಣದ ವ್ಯಾಪಾರಿ. ಹೆಸರು ಗಾಜುಲು ಲಕ್ಷ್ಮೀನರಸು ಚೆಟ್ಟಿ. ಆಮೇಲೆ ಅವರು ಮದ್ರಾಸ್ ಪ್ರಾಂತದ ಶಾಸನ ಪರಿಷತ್ತಿನ ಸದಸ್ಯರೂ ಆದರು. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ನಮ್ಮ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಮಂಗಳೂರಿನ ಕಡೆಯವರು 1956ರವರೆಗೂ ಅಲ್ಲೇ ಇದ್ದರು. ಹಾಗಾಗಿ ಇವರು ನಮ್ಮವರೂ ಹೌದು ಅಂತ ನನಗನಿಸುತ್ತದೆ. ಕೆಲವು ವರ್ಷಗಳಿಂದ ಈ ಮನುಷ್ಯ ನನ್ನ ತಲೆಯಲ್ಲಿ ಕೂತಿದ್ದಾರೆ.

ಬಳೆಯ ಹೆಸರಿನ ಮನೆ

ಗಾಜುಲು ಅಂದರೆ ತೆಲುಗಿನಲ್ಲಿ ಬಳೆಗಳು. ನಮ್ಮಲ್ಲಿ ಬಳೆಗಾರ ಶೆಟ್ಟಿ ಅನ್ನುವ ಹಾಗೆ. ಲಕ್ಷ್ಮೀನರಸು ಹುಟ್ಟಿದ್ದು 1806ರಲ್ಲಿ, ಮದ್ರಾಸಿನಲ್ಲಿ. ತಂದೆ ಸಿದ್ದುಲು ಚೆಟ್ಟಿ ನೀಲಿ ಮತ್ತು ಬಟ್ಟೆಯ ವ್ಯಾಪಾರಿ. ಮಗ ಅದೇ ಅಂಗಡಿಯಲ್ಲಿ ಕೂತು ವ್ಯಾಪಾರ ಕಲಿತರು, ಬೆಳೆಸಿದರು, ಒಳ್ಳೆಯ ದುಡ್ಡು ಮಾಡಿದರು. ಕಡಪ, ನೆಲ್ಲೂರು ಕಡೆಯಿಂದ ನೀಲಿ ಮದ್ರಾಸಿಗೆ ಬರುತ್ತಿದ್ದ ಕಾಲ ಅದು. ನೀಲಿ ಸೊಪ್ಪನ್ನು ತೊಟ್ಟಿಯಲ್ಲಿ ನೆನೆಹಾಕಿ, ಆ ನೀರನ್ನು ಬಡಿದು, ತಳಕ್ಕೆ ಇಳಿದ ಗಸಿಯನ್ನು ಕಾಯಿಸಿ, ಒತ್ತಿ, ಬಿಲ್ಲೆ ಮಾಡಿ ಒಣಗಿಸಬೇಕು. ಹೊಲದಿಂದ ಹಡಗಿನವರೆಗೆ ಎಷ್ಟೋ ಕೈ ದಾಟಿ ಬರುವ ಸರಕು. ಅದರಲ್ಲಿ ಒಂದು ಕೊಂಡಿ ಕಳಚಿದರೂ ಅಂಗಡಿಯವನಿಗೆ ನಷ್ಟ. ಹಳ್ಳಿಯ ರೈತನ ಮನೆಯಲ್ಲಿ ಏನಾಗುತ್ತಿದೆ ಅನ್ನುವುದು ಪಟ್ಟಣದ ಈ ವ್ಯಾಪಾರಿಗೆ ಗೊತ್ತಿರಲು ಅದೇ ಕಾರಣ ಇರಬೇಕು. ಬೆಳೆ ಬಂದಿದೆಯಾ, ಕೊಟ್ಟ ಮುಂಗಡ ಉಳಿದಿದೆಯಾ ಅಥವಾ ಕಂದಾಯಕ್ಕೆ ಹೋಯಿತಾ, ಇವೆಲ್ಲ ಇಂಥ ವ್ಯಾಪಾರದ ಲೆಕ್ಕದೊಳಗೇ ಬರುವ ಮಾತು.

ಹೋದ ವರ್ಷ ಒಂದು ಮದುವೆಗೆ ಚೆನ್ನೈಗೆ ಹೋಗಿದ್ದೆ. ಮಾರನೇ ದಿನ ಬೆಳಿಗ್ಗೆ ಒಬ್ಬನೇ ಜಾರ್ಜ್ ಟೌನಿಗೆ ಹೊರಟೆ. ಚೆಟ್ಟಿಯವರ ಕಾಲದಲ್ಲಿ ಅದರ ಹೆಸರು ಬ್ಲ್ಯಾಕ್ ಟೌನ್, ಕಪ್ಪು ಜನರ ಪಟ್ಟಣ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಹೆಸರು ಬದಲಾಯಿತು. ಗೋಡೌನ್ ಸ್ಟ್ರೀಟಿನಲ್ಲಿ ಈಗಲೂ ಬಟ್ಟೆಯದೇ ಸಗಟು ವ್ಯಾಪಾರ. ಕೈಗಾಡಿಯಲ್ಲಿ ಥಾನುಗಳನ್ನು ಏರಿಸಿಕೊಂಡು ಹಮಾಲರು ‘ವಳಿ, ವಳಿ’ ಅಂತ ದಾರಿ ಕೇಳುತ್ತಾ ಹೋಗುತ್ತಿದ್ದರು. ಹೊಸ ಬಟ್ಟೆಯ ಗಂಜಿ ವಾಸನೆ ಬೀದಿ ತುಂಬಾ. ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆ. ಒಳಗೆ ವಯಸ್ಸಾದ ಸಾಹುಕಾರರೊಬ್ಬರು ಒಂದು ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುತ್ತಿದ್ದರು. ತಂದವನು ಏನೇನೋ ಹೇಳುತ್ತಲೇ ಇದ್ದ, ಇವರು ಮಾತೇ ಕೇಳದೆ ಬಟ್ಟೆಯನ್ನು ಮಾತ್ರ ಮುಟ್ಟಿ ನೋಡುತ್ತಿದ್ದರು. ಬಹಳ ಹೊತ್ತು ನೋಡಿ ಪಕ್ಕಕ್ಕಿಟ್ಟರು. ಚೆಟ್ಟಿಯವರನ್ನು ಆಮೇಲಿಂದ ನಾನು ಹೀಗೇ ಕಲ್ಪಿಸಿಕೊಳ್ಳುತ್ತೇನೆ. ಮಾಲು ಮುಟ್ಟಿ ನೋಡದೆ ನಂಬದ ಮನುಷ್ಯ. ಅವರು ಮುಂದೆ ಮಾಡಿದ ಕೆಲಸಕ್ಕೂ ಈ ಗುಣಕ್ಕೂ ಸಂಬಂಧ ಇದೆ.

ಒಪ್ಪುವುದು, ಒಪ್ಪದಿರುವುದು

1844ರಲ್ಲಿ ಅವರು ಒಂದು ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ಹೆಸರು ‘ಕ್ರೆಸೆಂಟ್’. ಅದರ ಉದ್ದೇಶ ರೈತರಾಗಿರಲಿಲ್ಲ. ಮಿಷನರಿಗಳು ಮತ್ತು ಅವರಿಗೆ ಬೆಂಬಲವಾಗಿ ನಿಂತ ಅಧಿಕಾರಿಗಳ ವಿರುದ್ಧ ಹಿಂದೂಗಳ ಪರವಾಗಿ ಮಾತಾಡಲು ಹುಟ್ಟಿದ ಪತ್ರಿಕೆ ಅದು. ಗವರ್ನರ್ ಟ್ವೀಡೇಲ್ 1846ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಬೈಬಲನ್ನು ಪಠ್ಯ ಮಾಡಬೇಕು ಎಂದಾಗ ಮದ್ರಾಸಿನಲ್ಲಿ ದೊಡ್ಡ ವಿರೋಧ ಎದ್ದಿತು. ಲಂಡನ್ನಿನ ಕಂಪನಿ ಡೈರೆಕ್ಟರುಗಳು ಕೊನೆಗೆ ಅದನ್ನು ಒಪ್ಪಲಿಲ್ಲ. ಇಲ್ಲಿಯವರೆಗೆ ನಾನು ಚೆಟ್ಟಿಯವರ ಜೊತೆಗಿದ್ದೇನೆ. ಎಲ್ಲರ ತೆರಿಗೆಯಲ್ಲಿ ನಡೆಯುವ ಶಾಲೆಯಲ್ಲಿ ಒಬ್ಬರ ಧರ್ಮಗ್ರಂಥ ಪಾಠ ಆಗಬಾರದು, ಅಲ್ವಾ.

ಆದರೆ 1850ರ 21ನೇ ಕಾಯ್ದೆಯ ವಿಷಯ ಬೇರೆ. ಮತಾಂತರ ಆದವನು, ಜಾತಿಯಿಂದ ಹೊರಬಿದ್ದವನು ತನ್ನ ಪಿತ್ರಾರ್ಜಿತ ಆಸ್ತಿಯ ಹಕ್ಕು ಕಳೆದುಕೊಳ್ಳುವುದಿಲ್ಲ ಎಂದು ಆ ಕಾಯ್ದೆ ಹೇಳಿತು. ಮದ್ರಾಸಿನ ಹಿಂದೂ ಪ್ರಮುಖರು ಅದನ್ನು ಉಗ್ರವಾಗಿ ವಿರೋಧಿಸಿದರು. ಚೆಟ್ಟಿಯವರೂ ಅವರ ಜೊತೆಗಿದ್ದರು. ಇಲ್ಲಿ ನನಗೆ ಅವರ ಜೊತೆ ನಿಲ್ಲಲು ಆಗುವುದಿಲ್ಲ. ಮಗ ಬೇರೆ ದೇವರಿಗೆ ಕೈಮುಗಿದ ಅಂತ ಅಪ್ಪನ ಹೊಲದಲ್ಲಿ ಅವನ ಪಾಲು ಹೋಗಬೇಕು ಅನ್ನುವುದು ನನಗೆ ನ್ಯಾಯ ಅನಿಸುವುದಿಲ್ಲ. ಕೆಳಜಾತಿಯಿಂದ ಮತಾಂತರವಾದವರ ಮಕ್ಕಳು ನನ್ನ ಜೊತೆಗೇ ಓದಿದ್ದಾರೆ. ಆ ಕಾಯ್ದೆ ಇಂಥವರ ಬೆನ್ನಿಗೆ ನಿಂತಿತ್ತು. ಇದನ್ನು ಮುಚ್ಚಿಟ್ಟು ಚೆಟ್ಟಿಯವರನ್ನು ಹೊಗಳುವುದು ನನಗೆ ಬೇಡ. ತನ್ನ ಜಾತಿ, ತನ್ನ ಮಠ, ತನ್ನ ಆಸ್ತಿ ಅನ್ನುವ ಸಂಪ್ರದಾಯದ ವ್ಯಾಪಾರಿಯಾಗಿಯೇ ಅವರು ಸಾರ್ವಜನಿಕ ಜೀವನಕ್ಕೆ ಬಂದರು. ಅಲ್ಲಿಂದ ಅವರು ರೈತನ ಬೆನ್ನಿನವರೆಗೆ ಹೇಗೆ ಬಂದರು ಅನ್ನುವುದೇ ನನ್ನನ್ನು ಕಾಡುವುದು.

1852ರ ಫೆಬ್ರವರಿಯಲ್ಲಿ ಮದ್ರಾಸ್ ನೇಟಿವ್ ಅಸೋಸಿಯೇಷನ್ ಹುಟ್ಟಿತು. ಮೊದಲಿಗೆ ಕಲ್ಕತ್ತೆಯ ಬ್ರಿಟಿಷ್ ಇಂಡಿಯನ್ ಅಸೋಸಿಯೇಷನ್ನಿನ ಶಾಖೆಯಾಗಿತ್ತು. ಕೆಲವೇ ತಿಂಗಳಲ್ಲಿ ಬೇರೆಯಾಯಿತು. 1853ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾರ್ಟರ್, ಅಂದರೆ ಆಳುವ ಹಕ್ಕಿನ ಸನ್ನದು, ನವೀಕರಣ ಆಗಬೇಕಿತ್ತು. ಹೇಳುವುದಿದ್ದರೆ ಅದಕ್ಕೆ ಮೊದಲೇ ಹೇಳಬೇಕು. 1852ರ ಕೊನೆಗೆ ಅಸೋಸಿಯೇಷನ್ ಬ್ರಿಟಿಷ್ ಪಾರ್ಲಿಮೆಂಟಿಗೆ ಒಂದು ಅರ್ಜಿ ಬರೆಯಿತು. ಆ ಅರ್ಜಿಯಲ್ಲಿ ರೈತವಾರಿ ಕಂದಾಯದ, ಅಂದರೆ ರೈತನಿಂದ ಸರ್ಕಾರ ನೇರವಾಗಿ ವಸೂಲು ಮಾಡುವ ಕಂದಾಯದ, ಭಾರ ಇದೆ. ನ್ಯಾಯಾಲಯಗಳ ವಿಳಂಬ ಇದೆ. ಮೊಹತರಫಾ ಇದೆ. ಅಂದರೆ ನೇಕಾರನ ಮಗ್ಗ, ಬಡಗಿಯ ಉಳಿ, ಚಿಲ್ಲರೆ ಅಂಗಡಿ ಹೀಗೆ ಕಸುಬು ಮಾಡುವವರ ಮೇಲೆ ಬೀಳುತ್ತಿದ್ದ ತೆರಿಗೆ. ಬಟ್ಟೆ ವ್ಯಾಪಾರಿಗೆ ಮಗ್ಗದ ಮೇಲಿನ ತೆರಿಗೆ ಚೆನ್ನಾಗಿ ಗೊತ್ತಿರಲೇಬೇಕು. ಸ್ವಂತ ಲಾಭ ಇತ್ತು ಅಂತ ಯಾರಾದರೂ ಹೇಳಬಹುದು. ಇರಲಿ. ಲಾಭ ಅವರನ್ನು ಮಗ್ಗದವರೆಗೆ ಕರೆದುಕೊಂಡು ಹೋಗಿದ್ದರೂ, ಅಲ್ಲಿಗೆ ಹೋದ ಮೇಲೆ ಕಣ್ಣಿಗೆ ಬಿದ್ದದ್ದನ್ನು ಅವರು ಬರೆದರು. ಎಷ್ಟು ಜನ ಬರೆಯುತ್ತಾರೆ?

ಕರೆದುಕೊಂಡು ಹೋಗಿ ತೋರಿಸಿದ್ದು

ಅರ್ಜಿ ಹೋಯಿತು. ಚಾರ್ಟರ್ ಹೆಚ್ಚು ಕಮ್ಮಿ ಹಾಗೇ ನವೀಕರಣ ಆಯಿತು. ಇಂಥ ಅರ್ಜಿಗಳ ಗತಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಆದರೆ ಅದೇ ಹೊತ್ತಿಗೆ ಲಂಡನ್ನಿನಲ್ಲಿ ಕೆಲವರು ಇಂಡಿಯಾ ರಿಫಾರ್ಮ್ ಸೊಸೈಟಿ ಕಟ್ಟಿದ್ದರು. ಅದರ ಅಧ್ಯಕ್ಷ ಹೆನ್ರಿ ಡ್ಯಾನ್ಬಿ ಸೇಮೂರ್, ಪಾರ್ಲಿಮೆಂಟ್ ಸದಸ್ಯ. ಅವರು 1853ರಲ್ಲಿ ಮದ್ರಾಸಿಗೆ ಬಂದರು. ಚೆಟ್ಟಿಯವರು ಅವರನ್ನು ಜಿಲ್ಲೆಗಳಿಗೆ ಕರೆದುಕೊಂಡು ಹೋದರು.

ಅವರ ಇಡೀ ಬದುಕಿನಲ್ಲಿ ನನಗೆ ಮುಖ್ಯ ಅನಿಸುವುದು ಈ ಪ್ರಯಾಣ. ರೈಲು ಇಲ್ಲ. ಮದ್ರಾಸಿನ ಮೊದಲ ಪ್ರಯಾಣಿಕರ ರೈಲು ಓಡಿದ್ದು 1856ರಲ್ಲಿ. ಹಳ್ಳಿ ದಾರಿಗಳಲ್ಲಿ ಎತ್ತು, ಪಲ್ಲಕ್ಕಿ, ಕುದುರೆ, ಇಷ್ಟೇ. ಐವತ್ತರ ಹತ್ತಿರ ಬಂದ ಸಾಹುಕಾರ ತನ್ನ ಅಂಗಡಿ ಬಿಟ್ಟು ಒಬ್ಬ ಪರದೇಶಿಯನ್ನು ಕರೆದುಕೊಂಡು ಹೊರಡುತ್ತಾರೆ. ಅಂಕಿ ಅಂಶ ಕೊಡುವುದಕ್ಕಲ್ಲ, ಮುಟ್ಟಿ ತೋರಿಸುವುದಕ್ಕೆ. ಹಳ್ಳಿಯ ಜನ ಇವರೆದುರು ಬಾಯಿಬಿಟ್ಟರು. ತಹಶೀಲ್ದಾರನೆದುರು ಆಡದ ಮಾತನ್ನು ಆಡಿದರು. ಅದೇ 1853-54ರಲ್ಲಿ ನಮ್ಮ ಬಳ್ಳಾರಿ ಕಡೆ ಬರ ಬಿದ್ದಿತ್ತು. ಬರದ ವರ್ಷವೂ ಚಾವಡಿಯ ಲೆಕ್ಕ ನಿಲ್ಲುವುದಿಲ್ಲ. ಬಾಕಿ ಜಾಸ್ತಿಯಾದಷ್ಟೂ ಬಿಸಿಲಲ್ಲಿ ನಿಲ್ಲುವವರು ಜಾಸ್ತಿ.

ಅಲ್ಲಿಯವರೆಗೆ ಬಾಯಿ ಬಿಡದೆ ಇರಲು ರೈತರಿಗೆ ಕಾರಣವೂ ಇತ್ತು. ಹಿಂದೆ ನಮ್ಮ ಸೀಮೆಯ ಕಲೆಕ್ಟರಾಗಿದ್ದ ಥಾಮಸ್ ಮನ್ರೋ 1816ರಲ್ಲಿ ಮಾಡಿಸಿದ ಬದಲಾವಣೆಯಿಂದ ಕಂದಾಯ ಮತ್ತು ಪೊಲೀಸ್ ಎರಡೂ ಒಬ್ಬರ ಕೈಗೇ ಬಂದಿದ್ದವು. ಮೇಲೆ ಕಲೆಕ್ಟರ್, ಕೆಳಗೆ ತಹಶೀಲ್ದಾರ. ವಸೂಲಿಗೆ ಬಗ್ಗಿಸುವವನೂ ಅವನೇ, ಬಗ್ಗಿಸಿದರು ಅಂತ ದೂರು ಕೊಡಬೇಕಾದದ್ದೂ ಅವನಿಗೇ. ಮನ್ರೋ ಬಗ್ಗೆ ನಮ್ಮ ಸೀಮೆಯಲ್ಲಿ ಈಗಲೂ ಗೌರವ ಇದೆ. ಪಕ್ಕದ ರಾಯಲಸೀಮೆಯಲ್ಲಿ ಮಕ್ಕಳಿಗೆ ಮುನ್ರೋಲಪ್ಪ ಅಂತ ಹೆಸರಿಟ್ಟವರಿದ್ದಾರೆ. ಅವರು ಹಳ್ಳಿ ಹಳ್ಳಿ ತಿರುಗಿದ ಮನುಷ್ಯ, ಕಂದಾಯ ನಾಲ್ಕನೇ ಒಂದು ಭಾಗ ಇಳಿಸಬೇಕು ಎಂದು 1807ರಲ್ಲೇ ಬರೆದವರು. ಅದೆಲ್ಲ ನಿಜ. ಆದರೆ ಒಳ್ಳೆಯ ಮನುಷ್ಯ ಕಟ್ಟಿದ ವ್ಯವಸ್ಥೆಯಲ್ಲಿ ಕೂರುವವರೆಲ್ಲ ಒಳ್ಳೆಯವರಾಗಿ ಇರುವುದಿಲ್ಲ. ಕರಾವಳಿಯ ಕೆನರಾದಲ್ಲಿ 1830-31ರಲ್ಲಿ ರೈತರು ಊರೂರಲ್ಲಿ ಕೂಟ ಸೇರಿ ಕಂದಾಯ ಕೊಡುವುದಿಲ್ಲ ಎಂದರು. ಅಲ್ಲಿಯವರು ಸೇರಿ ಕೂಗಬಲ್ಲವರಾಗಿದ್ದರು. ಒಣಸೀಮೆಯ ಒಂಟಿ ರೈತನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಸೇಮೂರ್ ಊರಿಗೆ ಮರಳಿ 1854ರ ಜುಲೈಯಲ್ಲಿ ಕಾಮನ್ಸ್ ಸಭೆಯಲ್ಲಿ ಇದನ್ನು ಎತ್ತಿದರು. ಭಾರತದಲ್ಲಿ ಅಧಿಕಾರ ಮಾಡಿ ಬಂದವರು ನಂಬಲಿಲ್ಲ. ಆದರೆ ಇವರು ಕಂಡವರು. ಕೊನೆಗೆ ಮದ್ರಾಸ್ ಸರ್ಕಾರ ಮೂವರ ಕಮಿಷನ್ ನೇಮಿಸಿತು. ಇಲಿಯಟ್, ಸ್ಟೋಕ್ಸ್ ಮತ್ತು ಮದ್ರಾಸಿನ ಬ್ಯಾರಿಸ್ಟರ್ ಜಾನ್ ಬ್ರೂಸ್ ನಾರ್ಟನ್. ಕಮಿಷನ್ ಕೂತದ್ದು ಮದ್ರಾಸ್ ಪಟ್ಟಣದಲ್ಲಿ. ದೂರು ಇದ್ದವರು ಅಲ್ಲಿಗೇ ಬರಬೇಕು, ಇಲ್ಲವೇ ಬರೆದು ಕಳಿಸಬೇಕು. ಬಳ್ಳಾರಿಯಿಂದ ಮದ್ರಾಸಿಗೆ ಸುಮಾರು 300 ಮೈಲಿ. ಕಂದಾಯಕ್ಕೇ ದುಡ್ಡಿಲ್ಲದವನು ಬುತ್ತಿ ಕಟ್ಟಿಕೊಂಡು ಹೇಗೆ ಹೊರಟಾನು? ಆದರೂ ದೂರಗಳಿಂದ ಜನ ಬಂದರು. ನೂರಾರು ಜನ ಬಂದರು, ಇನ್ನೂ ಹೆಚ್ಚು ಜನ ಬರೆದರು. ಚಿತ್ರಹಿಂಸೆ ಇರುವುದು ನಿಜ, ಅದು ವರ್ಷಗಳಿಂದ ನಡೆದುಕೊಂಡು ಬಂದಿದೆ ಎಂದು 1855ರಲ್ಲಿ ಕಮಿಷನ್ ಒಪ್ಪಿಕೊಂಡಿತು.

ಒಪ್ಪಿಕೊಂಡರೂ ಬಿಳಿಯ ಅಧಿಕಾರಿಗಳನ್ನು ಕಮಿಷನ್ ಪಕ್ಕಕ್ಕೆ ಸರಿಸಿತು. ಜನರ ಮೊರೆ ಇರುವುದು ತಮ್ಮದೇ ನಾಡಿನ ನೌಕರರ ಕ್ರೌರ್ಯದಿಂದ ಕಾಪಾಡಿ ಅಂತ, ಯುರೋಪಿಯನ್ ಅಧಿಕಾರಿಗಳ ಮೇಲೆ ಅವರಿಗೆ ದೂರಿಲ್ಲ ಅನ್ನುವ ಧಾಟಿ ಅದರದು. ಹಗ್ಗ ಬಿಗಿದ ಕೈ ನಮ್ಮವರದು, ಅದು ಸುಳ್ಳಲ್ಲ. ಆದರೆ ಇಂತಿಷ್ಟು ವಸೂಲಾಗಲೇಬೇಕು ಎಂದು ಬರೆದ ಕೈ ಯಾರದು? ಕಾರ್ಲ್ ಮಾರ್ಕ್ಸ್ ಇದೇ ವರದಿ ಇಟ್ಟುಕೊಂಡು 1857ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಡೈಲಿ ಟ್ರಿಬ್ಯೂನಿನಲ್ಲಿ ಬರೆದರು. ದಂಗೆ ಎದ್ದ ಸಿಪಾಯಿಗಳ ಕ್ರೌರ್ಯದ ಬಗ್ಗೆ ಇಂಗ್ಲೆಂಡ್ ಕೂಗುತ್ತಿದ್ದ ದಿನಗಳವು. ನಿಮ್ಮದೇ ಸರ್ಕಾರದ ಕಾಗದ ಏನು ಹೇಳುತ್ತದೆ ನೋಡಿ ಅನ್ನುವುದು ಅವರ ವಾದ. ನಮ್ಮ ಸೀಮೆಯ ಯಾವುದೋ ಚಾವಡಿಯಲ್ಲಿ ಬಗ್ಗಿ ನಿಂತವನ ನೋವು ಹೀಗೆ ಅಮೆರಿಕದ ಪತ್ರಿಕೆಯವರೆಗೆ ಹೋಯಿತು. ಅದು ಅವನಿಗೆ ಗೊತ್ತೇ ಆಗಲಿಲ್ಲ.

ಕೆಲಸಕ್ಕೆ ಬಂದ ಫಲವೂ ಇದೆ. 1859ರ 24ನೇ ಕಾಯ್ದೆಯಿಂದ ಮದ್ರಾಸಿನಲ್ಲಿ ಪೊಲೀಸ್ ಇಲಾಖೆ ಬೇರೆಯಾಯಿತು. ತಹಶೀಲ್ದಾರನ ಕೈಯಿಂದ ಲಾಠಿ ಹೋಯಿತು. ಪೊಲೀಸರು ಅದರಿಂದ ಮೃದುವಾದರು ಅಂತಲ್ಲ, ಆದರೆ ದೂರು ಕೊಡಲು ಇನ್ನೊಂದು ಬಾಗಿಲು ಆಯಿತು. ಇನ್ನೊಂದು ವಿಷಯ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 1860ರ ಭಾರತೀಯ ದಂಡ ಸಂಹಿತೆಯ 330ನೇ ಕಲಮಿನಲ್ಲಿ ಉದಾಹರಣೆಗಳಿವೆ. ಅದರಲ್ಲಿ ಒಂದು, ಕಂದಾಯ ಅಧಿಕಾರಿಯೊಬ್ಬ ಬಾಕಿ ಕಂದಾಯ ಕೊಡುವಂತೆ ಒತ್ತಾಯಿಸಲು ಒಬ್ಬನಿಗೆ ಚಿತ್ರಹಿಂಸೆ ಕೊಟ್ಟರೆ ಅದು ಅಪರಾಧ ಎನ್ನುತ್ತದೆ. ಇದು ಚೆಟ್ಟಿಯವರಿಂದಲೇ ಬಂತು ಎಂದು ನಾನು ಹೇಳುವುದಿಲ್ಲ, ಆ ಸಂಹಿತೆಯ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಆದರೆ 2024ರ ಜೂನ್ ಕೊನೆಯವರೆಗೂ ಜಾರಿಯಲ್ಲಿದ್ದ ಆ ಸಂಹಿತೆಯಲ್ಲಿ ಆ ರೈತ ಇದ್ದ. ಹೆಸರಿಲ್ಲ, ಸುಮ್ನೆ ಒಂದು ಅಕ್ಷರ.

ಕುರ್ಚಿ ಸಿಕ್ಕಿದ ಮೇಲೆ

1861ರ ಕೌನ್ಸಿಲ್ ಕಾಯ್ದೆ ಬಂದು ಮದ್ರಾಸಿಗೆ ಶಾಸನ ಮಾಡುವ ಅಧಿಕಾರ ಮರಳಿತು. ಗವರ್ನರ್ ಕೆಲವು ಹೊರಗಿನವರನ್ನು ನಾಮಕರಣ ಮಾಡಬಹುದಿತ್ತು. ಮೊದಲ ಭಾರತೀಯ ಸದಸ್ಯ ಸದಗೋಪಾಚಾರ್ಲು ತೀರಿಕೊಂಡ ಮೇಲೆ 1863ರಲ್ಲಿ ಲಕ್ಷ್ಮೀನರಸು ಚೆಟ್ಟಿ ಆ ಕುರ್ಚಿಗೆ ಬಂದರು. ಸರ್ಕಾರ ಅವರಿಗೆ ಸಿ.ಎಸ್.ಐ. (ಕಂಪ್ಯಾನಿಯನ್ ಆಫ್ ದಿ ಸ್ಟಾರ್ ಆಫ್ ಇಂಡಿಯಾ) ಬಿರುದನ್ನೂ ಕೊಟ್ಟಿತು. ಒಂದು ಕಾಲಕ್ಕೆ ಯಾರ ಮೇಲೆ ಪಾರ್ಲಿಮೆಂಟಿಗೆ ದೂರು ಕೊಟ್ಟಿದ್ದರೋ ಅವರ ಪಕ್ಕದಲ್ಲೇ ಈಗ ಕೂರಬೇಕು. ಅವರು ಕೂತ ಪರಿಷತ್ತಿನ ಕಾನೂನುಗಳು ಬಳ್ಳಾರಿಗೂ ದಕ್ಷಿಣ ಕೆನರಾಕ್ಕೂ ಕೊಳ್ಳೇಗಾಲಕ್ಕೂ ಅನ್ವಯ. ಉತ್ತರ ಕೆನರಾ ಮಾತ್ರ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಗಿತ್ತು.

ಕುರ್ಚಿ ಸಿಕ್ಕಿತು, ಆದರೆ ಆ ಕುರ್ಚಿಯಲ್ಲಿ ಕೂತು ಏನು ಮಾಡಬಹುದಿತ್ತು? ಪ್ರಶ್ನೆ ಕೇಳುವ ಹಕ್ಕಿಲ್ಲ. ಬಜೆಟ್ ಮೇಲೆ ಚರ್ಚೆ ಇಲ್ಲ. ಅವೆರಡೂ ಬಂದದ್ದು 1892ರಲ್ಲಿ. ಮುಂದೆ ಇಟ್ಟ ಮಸೂದೆಯ ಬಗ್ಗೆ ಮಾತ್ರ ಮಾತು. ಪತ್ರಿಕೆಯ ಮಾಲೀಕನಾಗಿ, ಅರ್ಜಿ ಬರೆಸುವವನಾಗಿ, ಒಬ್ಬ ಅತಿಥಿಯನ್ನು ಹಳ್ಳಿಗೆ ಕರೆದೊಯ್ದವನಾಗಿ ಅವರು ಮಾಡಿದ್ದನ್ನು ಪರಿಷತ್ತಿನ ಸದಸ್ಯನಾಗಿ ಮಾಡಲು ಜಾಗವೇ ಇರಲಿಲ್ಲ. ಆ ಐದು ವರ್ಷ ಅವರಿಗೆ ಹೇಗೆ ಕಳೆದಿರಬೇಕು ಎಂದು ಯೋಚಿಸುತ್ತೇನೆ. ಹೊರಗೆ ನಿಂತು ಬಾಗಿಲು ಬಡಿದ ಕೈಗೆ ಒಳಗೆ ಕೂತು ಕಾಗದ ತಿರುವುವ ಕೆಲಸ.

ಅಷ್ಟು ಹೊತ್ತಿಗೆ ಚೆಟ್ಟಿಯವರ ಅಪ್ಪನ ಕಾಲದಿಂದ ಬಂದ ದುಡ್ಡು ಕರಗಿತ್ತು. ಪತ್ರಿಕೆ, ಅಸೋಸಿಯೇಷನ್, ಲಂಡನ್ನಿಗೆ ಹೋಗುವ ಅರ್ಜಿಗಳು, ಓಡಾಟ, ಎಲ್ಲಕ್ಕೂ ಕೈ ಬಿಚ್ಚಿ ಕೊಟ್ಟಿದ್ದರು. 1868ರಲ್ಲಿ ತೀರಿಕೊಂಡಾಗ ಅವರು ಬಡವರು. ರಾಜಕೀಯಕ್ಕೆ ಬಂದ ಮೇಲೆ ವ್ಯಾಪಾರ ಬೆಳೆಸಿಕೊಂಡವರನ್ನು ನಮ್ಮ ಬಳ್ಳಾರಿಯಲ್ಲಿ ಕಣ್ಣಾರೆ ಕಂಡು ಬೆಳೆದವನು ನಾನು. ವ್ಯಾಪಾರವನ್ನೇ ಸಾರ್ವಜನಿಕ ಕೆಲಸಕ್ಕೆ ಸುರಿದು ಬರಿಗೈ ಆದವರ ಕಥೆ ಓದಿದಾಗ ಗಂಟಲು ಕಟ್ಟುತ್ತದೆ.

ಮರದ ಕೆಳಗೆ

ಇವರ ಬಗ್ಗೆ ಯೋಚಿಸುವಾಗೆಲ್ಲ ನನಗೆ ಒಂದು ಬೇವಿನ ಮರ ನೆನಪಾಗುತ್ತದೆ. ನಾನು ಪಿಯುಸಿಯಲ್ಲಿದ್ದಾಗ ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ನಮ್ಮ ಎರಡು ಎಕರೆ ಹೊಲ ಪಹಣಿಯಲ್ಲಿ ಬೇರೆಯವರ ಹೆಸರಿಗೆ ಏರಿತ್ತು. ಅಪ್ಪ ಎಂಟು ತಿಂಗಳಿಂದ ಅಲೆಯುತ್ತಿದ್ದ. ಒಳಗೆ ಟೇಬಲ್ಲಿನ ಮುಂದೆ ನಿಂತಾಗ ಅಪ್ಪನ ಬೆನ್ನು ತಾನಾಗಿ ಬಾಗಿತು. ಹೆಗಲ ಮೇಲಿದ್ದ ಟವೆಲ್ಲು ಕೈಗೆ ಬಂತು. ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ಮನುಷ್ಯನ ಬಾಯಿಂದ ‘ಸ್ವಾಮಿ, ಹೊಲ...’ ಅನ್ನುವುದಕ್ಕಿಂತ ಮುಂದೆ ಮಾತು ಬರಲಿಲ್ಲ. ಯಾರೂ ಅವನನ್ನು ಬಗ್ಗಿಸಿರಲಿಲ್ಲ. ಹಗ್ಗ ಇರಲಿಲ್ಲ, ಕಲ್ಲು ಇರಲಿಲ್ಲ. ಅರ್ಜಿ ಬರೆಸಿಕೊಂಡು ಬಾ ಎಂದರು. ಹೊರಗೆ ಬಂದೆವು.

ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರೊಬ್ಬರು ಕೂತಿದ್ದರು. ಮುಂದೊಂದು ತಗಡಿನ ಪೆಟ್ಟಿಗೆ, ಅದರ ಮೇಲೆ ರಟ್ಟು, ಕಾರ್ಬನ್ ಹಾಳೆ. ಅಪ್ಪನನ್ನು ಎದುರಿಗಿದ್ದ ಕಲ್ಲಿನ ಮೇಲೆ ಕೂರಲು ಹೇಳಿದರು. ‘ಏನಾತು ಹೇಳ್ರಿ ಯಜಮಾನ್ರೇ. ಗಡಿಬಿಡಿ ಇಲ್ಲ, ನಿಧಾನಕ ಹೇಳ್ರಿ’ ಅಂದರು. ಅಪ್ಪ ಮೊದಲು ನೆಲ ನೋಡುತ್ತಾ ಹೇಳಿದ. ಆಮೇಲೆ ಅವರ ಮುಖ ನೋಡುತ್ತಾ ಹೇಳಿದ. ತಾತ ಆ ಹೊಲ ಕೊಂಡಿದ್ದು, ಬಾವಿ ತೋಡಿಸಿದ್ದು, ಬದುವಿನ ಮೇಲಿನ ಜಾಲಿ ಮರ, ಯಾರ ಹೆಸರು ಹೇಗೆ ಸೇರಿತು, ಎಂಟು ತಿಂಗಳಲ್ಲಿ ಯಾರು ಯಾರು ಏನು ಏನು ಹೇಳಿದರು, ಎಲ್ಲ ಬಂತು. ಅವರು ನಡುವೆ ನಿಲ್ಲಿಸಿ ಸರ್ವೆ ನಂಬರ್ ಕೇಳಿದರು, ತಾರೀಖು ಕೇಳಿದರು. ಒಂದೂವರೆ ಪುಟ ಬರೆದರು.

ಬರೆದದ್ದನ್ನು ಓದಿ ಹೇಳಿದರು. ಅಪ್ಪ ಕಣ್ಣು ಮುಚ್ಚಿ ಕೇಳಿದ. ಬಾವಿಯ ಸಾಲು ಬಂದಾಗ ತಲೆಯಾಡಿಸಿದ. ಮುಗಿದ ಮೇಲೆ ಸಹಿ ಹಾಕಿ ಎಂದು ಅವರು ಪೆನ್ನು ಚಾಚಿದರು. ಅಪ್ಪ ಪೆನ್ನು ತೆಗೆದುಕೊಂಡ, ಆದರೆ ಸಹಿ ಹಾಕಲಿಲ್ಲ. ಟವೆಲ್ಲನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡು ನೆಟ್ಟಗೆ ಕೂತ.

‘ಇನ್ನೊಮ್ಮೆ ಓದ್ರಿ,’ ಅಂದ.